ಕಾಫಿ ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್: ಯಾರಿಗೂ ಗಾಯವಾಗದಂತೆ ಕೆಲಸ ನಡೆಸಲು ಒಂದು ಸಮಗ್ರ ಮಾರ್ಗದರ್ಶಿ

ಜನವರಿ ಬಂತು ಅಂದ್ರೆ ಕುಶಾಲನಗರದ ಕೂಡ್ಲೂರು ಕೈಗಾರಿಕಾ ಪ್ರದೇಶದಲ್ಲಿ ಲಾರಿ, ಪಿಕಪ್‌ಗಳ ಸಾಲು ಶುರುವಾಗುತ್ತದೆ. ಅರೇಬಿಕಾ ಪಾರ್ಚ್‌ಮೆಂಟ್ (ಹಣ್ಣಿನ ಸಿಪ್ಪೆ ತೆಗೆದು ಒಣಗಿಸಿದ ಕಾಫಿ) ಬರುತ್ತಿರುವಾಗಲೇ ರೋಬಸ್ಟಾ ಚೆರಿಯೂ (ಸಿಪ್ಪೆ ಸಮೇತ ಒಣಗಿಸಿದ ಕಾಫಿ) ಬರತೊಡಗುತ್ತದೆ. ವಿರಾಜಪೇಟೆ, ಪೊನ್ನಂಪೇಟೆ, ಸೋಮವಾರಪೇಟೆ ಕಡೆಯ ತೋಟಗಳ ಮೂಟೆಗಳೆಲ್ಲ ಕೆಲವೇ ತಿಂಗಳಲ್ಲಿ ಕಾಫಿ ಸಂಸ್ಕರಿಸುವ ಕ್ಯೂರಿಂಗ್ ವರ್ಕ್ಸ್‌ಗಳ ಗೋದಾಮಿನೊಳಗೆ ಹೋಗಬೇಕು. ಮೊದಲೆಲ್ಲ ಇದು ಪೂರ್ತಿ ಹಮಾಲರ ತಲೆ ಮೇಲಿನ ಕೆಲಸವಾಗಿತ್ತು. ಈಗ ದೊಡ್ಡ ಗೋದಾಮುಗಳಲ್ಲಿ ಫೋರ್ಕ್‌ಲಿಫ್ಟ್, ಅಂದರೆ ಮುಂದೆ ಇರುವ ಎರಡು ಕಬ್ಬಿಣದ ತೋಳಿನಿಂದ (ಫೋರ್ಕ್) ಭಾರ ಎತ್ತಿ ಸಾಗಿಸುವ ಗಾಡಿ ಓಡಾಡುತ್ತದೆ. ಆದರೆ ಹಮಾಲರೂ ಅಲ್ಲೇ ಇದ್ದಾರೆ. ಒಂದೇ ನೆಲದ ಮೇಲೆ ನಾಲ್ಕು ಟನ್ ತೂಗುವ ಗಾಡಿ, ಅದರ ಪಕ್ಕದಲ್ಲೇ ಬರಿಗಾಲಲ್ಲಿ ಮೂಟೆ ಹೊತ್ತು ನಡೆಯುವ ಮನುಷ್ಯ. ಅಪಾಯ ಇರುವುದೇ ಇಲ್ಲಿ.

ಈ ಬರಹ ಗೋದಾಮಿನ ಮೇಲ್ವಿಚಾರಕರಿಗೆ, ಆಪರೇಟರ್‌ಗಳಿಗೆ, ಸಣ್ಣ ಕ್ಯೂರಿಂಗ್ ಘಟಕ ನಡೆಸುವವರಿಗೆ ಮತ್ತು ಅಲ್ಲಿ ದುಡಿಯುವ ಎಲ್ಲರಿಗೂ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಹೆಲ್ಮೆಟ್, ಬೂಟು, ಗೋಡೆ ಮೇಲಿನ ಘೋಷಣೆ ಎಲ್ಲ ಆಮೇಲೆ. ಮೊದಲು ಮಾಡಬೇಕಾದದ್ದು ಮನುಷ್ಯರ ದಾರಿ ಮತ್ತು ಗಾಡಿಯ ದಾರಿಯನ್ನು ಬೇರೆ ಮಾಡುವುದು. ಅದೊಂದನ್ನು ಮಾಡದೆ ಉಳಿದದ್ದೆಲ್ಲ ಮಾಡಿದರೂ ಪ್ರಯೋಜನ ಕಡಿಮೆ.

ಹಂತ 1: ದಾರಿ ಬೇರೆ ಮಾಡಿ

ಒಂದು ಹಾಳೆ ತೆಗೆದುಕೊಂಡು ಗೋದಾಮಿನ ನಕ್ಷೆ ಬರೆಯಿರಿ. ಲಾರಿ ಎಲ್ಲಿ ನಿಲ್ಲುತ್ತದೆ, ತೂಕದ ಜಾಗ ಎಲ್ಲಿ, ಮೂಟೆಗಳ ಅಟ್ಟಿ ಎಲ್ಲಿ, ಸಿಪ್ಪೆ ಬಿಡಿಸುವ ಹಲ್ಲಿಂಗ್ ಮೆಷಿನ್ ಎಲ್ಲಿ, ಕುಡಿಯುವ ನೀರು, ಶೌಚಾಲಯ, ಊಟದ ಜಾಗ ಎಲ್ಲಿ ಅಂತ ಗುರುತು ಹಾಕಿ. ಈಗ ಜನ ನಿಜವಾಗಿ ಎಲ್ಲೆಲ್ಲಿ ನಡೆಯುತ್ತಾರೆ ಅನ್ನುವುದನ್ನು ಒಂದು ಬಣ್ಣದಲ್ಲಿ, ಫೋರ್ಕ್‌ಲಿಫ್ಟ್ ಓಡುವ ದಾರಿಯನ್ನು ಇನ್ನೊಂದು ಬಣ್ಣದಲ್ಲಿ ಎಳೆಯಿರಿ. ಎರಡು ಗೆರೆ ಎಲ್ಲಿ ಕೂಡುತ್ತವೋ ಅಲ್ಲೇ ಮುಂದಿನ ಅಪಘಾತ ಕಾದಿದೆ.

ಆ ಕೂಡುವ ಜಾಗಗಳನ್ನು ಕಡಿಮೆ ಮಾಡುವುದೇ ಕೆಲಸ. ನೀರಿನ ಡ್ರಮ್ ಗಾಡಿದಾರಿಯ ಆಚೆ ಇದ್ದರೆ ಈಚೆಗೆ ತನ್ನಿ. ದಿನಕ್ಕೆ ಹತ್ತಾರು ಜನ ಅಡ್ಡ ದಾಟುವುದು ಇಷ್ಟರಿಂದಲೇ ತಪ್ಪುತ್ತದೆ. ಗೋದಾಮಿಗೆ ಎರಡು ಬಾಗಿಲಿದ್ದರೆ ಒಂದು ಗಾಡಿಗೆ, ಒಂದು ಜನರಿಗೆ. ಒಂದೇ ಬಾಗಿಲಿದ್ದರೆ ಅದರ ಒಂದು ಬದಿಗೆ ಕಬ್ಬಿಣದ ಕಂಬಿ ಹಾಕಿ ಕಾಲುದಾರಿ ಮಾಡಿ. ನೆಲಕ್ಕೆ ಹಳದಿ ಬಣ್ಣದ ಗೆರೆ ಎಳೆಯುವುದು ಒಳ್ಳೆಯದೇ. ಆದರೆ ಬಣ್ಣ ಗಾಡಿಯನ್ನು ತಡೆಯುವುದಿಲ್ಲ, ಕಂಬಿ ತಡೆಯುತ್ತದೆ. ಮೂಟೆಗಳ ಅಟ್ಟಿ ಗೆರೆಯ ಮೇಲೆ ಬಂದು ಕೂತರೆ ಮೊದಲು ಮಾಯವಾಗುವುದು ಕಾಲುದಾರಿಯೇ. ಸೀಸನ್ನಿನಲ್ಲಿ ಜಾಗ ಸಾಲದೆ ಹೀಗಾಗುವುದು ಸಾಮಾನ್ಯ. ಮೇಲ್ವಿಚಾರಕರು ಇದನ್ನು ದಿನಾ ನೋಡಬೇಕು.

ಜಾಗ ನಿಜವಾಗಿಯೂ ಕಡಿಮೆ ಇದ್ದರೆ ಹೊತ್ತನ್ನು ಬೇರೆ ಮಾಡಿ. ಹಮಾಲರು ಲಾರಿಯಿಂದ ಇಳಿಸಿ ಪ್ಯಾಲೆಟ್ (ಫೋರ್ಕ್ ತೂರಿಸಿ ಎತ್ತುವ ಹಲಗೆ) ಮೇಲೆ ಜೋಡಿಸುವವರೆಗೆ ಗಾಡಿ ದೂರ ನಿಂತಿರಲಿ. ಅವರು ಹೊರಗೆ ಸರಿದ ಮೇಲೆ ಗಾಡಿ ಬರಲಿ. ಕೂಲಿ ಮೂಟೆ ಲೆಕ್ಕದಲ್ಲಿ ಇರುವ ಕಡೆ ಇದಕ್ಕೆ ವಿರೋಧ ಬರುತ್ತದೆ, ಕಾದಷ್ಟು ಹೊತ್ತು ಅವರಿಗೆ ದುಡಿಮೆ ಇಲ್ಲ ಅಲ್ವಾ? ಆ ಕಾಯುವ ಹೊತ್ತಿಗೂ ಕೂಲಿ ಕೊಡುವುದನ್ನು ಮಾಲೀಕರು ಒಪ್ಪಬೇಕು. ಅವಸರಕ್ಕೆ ದುಡ್ಡು ಕೊಟ್ಟು, ನಿಧಾನಕ್ಕೆ ದುಡ್ಡು ಕಡಿದರೆ ಯಾವ ನಿಯಮವೂ ನಿಲ್ಲುವುದಿಲ್ಲ.

ಇನ್ನೊಂದು ಮಾತು. ನಮ್ಮ ಗೋದಾಮುಗಳಲ್ಲಿ ಕನ್ನಡ, ಕೊಡವ ತಕ್ಕ್, ಮಲಯಾಳಂ, ತಮಿಳು ಎಲ್ಲ ಕೇಳುತ್ತದೆ. ಈಗ ಅಸ್ಸಾಂ ಕಡೆಯಿಂದ ಬಂದವರೂ ಜಾಸ್ತಿ. ಕನ್ನಡದಲ್ಲಿ ಮಾತ್ರ ಬೋರ್ಡ್ ಬರೆಸಿದರೆ ಅರ್ಧ ಜನಕ್ಕೆ ಅದು ಬರೀ ಗೆರೆ. ಚಿತ್ರ ಇರುವ ಬೋರ್ಡ್ ಹಾಕಿಸಿ. ನಿಲ್ಲು, ಬಾ, ಇಳಿಸು, ಹಿಂದೆ ಹೋಗು ಅನ್ನುವುದಕ್ಕೆ ಕೈಸನ್ನೆ ಗೊತ್ತು ಮಾಡಿ, ಹೊಸಬರು ಬಂದ ಮೊದಲ ದಿನವೇ ಮಾಡಿಸಿ ತೋರಿಸಿ. ಅವರು ತಿರುಗಿ ಮಾಡಿ ತೋರಿಸಿದರೆ ಮಾತ್ರ ಅರ್ಥವಾಗಿದೆ ಅಂತ ಲೆಕ್ಕ.

ಹಂತ 2: ಗಾಡಿ ಯಾರ ಕೈಯಲ್ಲಿ ಅನ್ನುವುದನ್ನು ಗಟ್ಟಿ ಮಾಡಿ

ಲಾರಿ ಓಡಿಸಿ ಗೊತ್ತು, ಟ್ರಾಕ್ಟರ್ ಓಡಿಸಿ ಗೊತ್ತು ಅನ್ನುವವರೆಲ್ಲ ಫೋರ್ಕ್‌ಲಿಫ್ಟ್ ಓಡಿಸಬಲ್ಲವರಲ್ಲ. ಈ ಗಾಡಿ ತಿರುಗುವುದು ಹಿಂದಿನ ಚಕ್ರದಿಂದ. ಹಾಗಾಗಿ ತಿರುವಿನಲ್ಲಿ ಅದರ ಹಿಂಭಾಗ ಹೊರಕ್ಕೆ ಬೀಸುತ್ತದೆ. ಪಕ್ಕದಲ್ಲಿ ನಿಂತವರಿಗೆ ಹೊಡೆತ ಬೀಳುವುದು ಹೀಗೇ. ಗೋಡೆಗೋ ಅಟ್ಟಿಗೋ ಒತ್ತಿ ಸಿಕ್ಕಿಹಾಕಿಕೊಂಡರಂತೂ ಗಾಯ ಬಹಳ ಕೆಟ್ಟದಾಗಿರುತ್ತದೆ.

18 ವರ್ಷ ತುಂಬಿ, ತರಬೇತಿ ಪಡೆದು, ನಿಮ್ಮದೇ ಗೋದಾಮಿನಲ್ಲಿ ಓಡಿಸಿ ತೋರಿಸಿದವರ ಹೆಸರನ್ನು ಮಾತ್ರ ಗೋಡೆಗೆ ಹಾಕಿ. ಕೀಲಿ ಅವರ ಕೈಯಲ್ಲಿ ಅಥವಾ ಆಫೀಸಿನಲ್ಲಿ ಇರಲಿ, ಗಾಡಿಯಲ್ಲಿ ಬಿಡುವುದು ಬೇಡ. ಊಟದ ಹೊತ್ತಿನಲ್ಲಿ ಹುಡುಗರು ಸುಮ್ನೆ ಒಂದು ರೌಂಡ್ ಹೊಡೆಯಲು ಹೋಗುವುದು ಕೀಲಿ ಗಾಡಿಯಲ್ಲೇ ಇರುವುದರಿಂದ. ಆಪರೇಟರ್ ರಾತ್ರಿ ಪಾಳಿ ಮುಗಿಸಿ ಮತ್ತೆ ಹಗಲು ಕೂತಿದ್ದರೆ, ಮದ್ಯ ಕುಡಿದಿದ್ದರೆ, ನಿದ್ದೆ ಬರುವ ಮಾತ್ರೆ ತಿಂದಿದ್ದರೆ ಅವತ್ತು ಗಾಡಿ ಇಲ್ಲ. ಅಮೆರಿಕದ ನಿಯಮದಲ್ಲಿ ಕನಿಷ್ಠ 3 ವರ್ಷಕ್ಕೊಮ್ಮೆ ಆಪರೇಟರ್‌ನ ಕೆಲಸವನ್ನು ಮತ್ತೆ ಪರೀಕ್ಷಿಸಬೇಕು. ಸೀಸನ್ ಶುರುವಾಗುವ ಮುಂಚೆ ಪ್ರತಿ ವರ್ಷ ನೋಡುವುದು ನಮಗೆ ಇನ್ನೂ ಒಳ್ಳೆಯದು. ತಿಂಗಳುಗಟ್ಟಲೆ ಕೆಲಸ ಕಡಿಮೆ ಇದ್ದು ಒಮ್ಮೆಲೇ ಒತ್ತಡ ಬೀಳುವುದು ನಮ್ಮ ಕಡೆಯ ರೀತಿ.

ಹಂತ 3: ಪಾಳಿ ಶುರುವಾಗುವ ಮುಂಚೆ ಗಾಡಿ ನೋಡಿ

ಐದು ಹತ್ತು ನಿಮಿಷದ ಕೆಲಸ. ಗಾಡಿ ಆಫ್ ಇರುವಾಗ ಸುತ್ತ ನಡೆದು ನೋಡಿ. ಟಯರ್ ಹರಿದಿದೆಯಾ, ನೆಲದ ಮೇಲೆ ಎಣ್ಣೆ ಸೋರಿದೆಯಾ, ಫೋರ್ಕ್ ಎತ್ತುವ ಚೈನ್ ಎರಡೂ ಕಡೆ ಒಂದೇ ಬಿಗಿಯಲ್ಲಿದೆಯಾ, ಫೋರ್ಕ್‌ನಲ್ಲಿ ಬಿರುಕಿದೆಯಾ ಅಂತ. ಫೋರ್ಕ್ ಬಾಗುವ ಮೂಲೆ ಇದೆಯಲ್ಲ, ಅಲ್ಲಿ ದಪ್ಪ 10 ಶೇಕಡಾ ಸವೆದರೆ ಅದನ್ನು ಬದಲಿಸಬೇಕು. ಅಷ್ಟು ಸವೆದರೆ ಅದರ ಹೊರುವ ಶಕ್ತಿ ಸುಮಾರು 20 ಶೇಕಡಾ ಇಳಿದಿರುತ್ತದೆ. ಬೆಸುಗೆ ಹಾಕಿಸಿ ನಡೆಸುವುದು ಬೇಡವೇ ಬೇಡ. ಚೈನ್ 3 ಶೇಕಡಾ ಉದ್ದವಾದರೆ ಹೊಸದು ಹಾಕಿಸಿ. ಹೈಡ್ರಾಲಿಕ್ ಪೈಪಿನ ಸೋರಿಕೆಯನ್ನು ಬೆರಳಿನಿಂದ ಹುಡುಕಬೇಡಿ. ಒತ್ತಡದಲ್ಲಿ ಚಿಮ್ಮುವ ಎಣ್ಣೆ ಚರ್ಮ ತೂರಿ ಒಳಗೆ ಹೋಗುತ್ತದೆ. ಹೊರಗೆ ಚುಕ್ಕೆಯಷ್ಟೇ ಕಂಡರೂ ಕೈಯನ್ನೇ ಕಳೆದುಕೊಳ್ಳುವಷ್ಟು ಅಪಾಯ ಅದು. ರಟ್ಟಿನ ತುಂಡು ಹಿಡಿದು ನೋಡಿ.

ಆಮೇಲೆ ಗಾಡಿ ಆನ್ ಮಾಡಿ ಬ್ರೇಕ್, ಹ್ಯಾಂಡ್‌ಬ್ರೇಕ್, ಸ್ಟೇರಿಂಗ್, ಹಾರನ್, ರಿವರ್ಸ್ ಸದ್ದು, ಲೈಟು, ಸೀಟ್‌ಬೆಲ್ಟ್ ನೋಡಿ. ಫೋರ್ಕನ್ನು ಒಂದು ಸಲ ಪೂರ್ತಿ ಎತ್ತಿ ಇಳಿಸಿ, ಮಾಸ್ಟ್ (ಫೋರ್ಕ್ ಏರಿಳಿಯುವ ಮುಂದಿನ ಕಂಬ) ಹಿಂದೆ ಮುಂದೆ ಬಾಗಿಸಿ. ಒಂದು ಪುಸ್ತಕದಲ್ಲಿ ಬರೆದು ಸಹಿ ಹಾಕಿ. ಬ್ರೇಕ್ ಅಥವಾ ಸ್ಟೇರಿಂಗ್ ಸರಿ ಇಲ್ಲದಿದ್ದರೆ ಕೀಲಿ ತೆಗೆದು ಆಫೀಸಿಗೆ ಕೊಡಿ. ಹೊರಗೆ ಎಷ್ಟೇ ಲಾರಿ ಕಾಯುತ್ತಿರಲಿ. ಭಾರ ಎತ್ತುವ ಯಂತ್ರಗಳನ್ನು ಕನಿಷ್ಠ 12 ತಿಂಗಳಿಗೊಮ್ಮೆ ಅರ್ಹ ವ್ಯಕ್ತಿಯಿಂದ ಪೂರ್ತಿ ಪರೀಕ್ಷೆ ಮಾಡಿಸಬೇಕು ಎಂದು 1948ರ ಕಾರ್ಖಾನೆ ಕಾಯ್ದೆಯೇ ಹೇಳಿತ್ತು. ಮಳೆಗಾಲ ಮುಗಿದ ಮೇಲೆ, ನವೆಂಬರ್‌ಗಿಂತ ಮೊದಲು ಅದನ್ನು ಮಾಡಿಸಿಕೊಳ್ಳುವುದು ಅನುಕೂಲ.

ಹಂತ 4: ಭಾರದ ಲೆಕ್ಕ ತಿಳಿದುಕೊಳ್ಳಿ

ಫೋರ್ಕ್‌ಲಿಫ್ಟ್ ಒಂದು ತಕ್ಕಡಿಯ ಹಾಗೆ. ಮುಂದಿನ ಚಕ್ರ ಅದರ ನಡುವಿನ ಆಧಾರ, ಮುಂದೆ ಮೂಟೆ, ಹಿಂದೆ ಗಾಡಿಯ ಸ್ವಂತ ಭಾರ. ಭಾರ ಎಷ್ಟಿದೆ ಅನ್ನುವುದರ ಜೊತೆಗೆ ಎಷ್ಟು ಮುಂದಕ್ಕಿದೆ ಅನ್ನುವುದೂ ಮುಖ್ಯ. 2.5 ಟನ್ ಗಾಡಿ ಅಂದರೆ ಸಾಮಾನ್ಯವಾಗಿ ಭಾರದ ನಡುಬಿಂದು ಫೋರ್ಕ್‌ನ ಬುಡದಿಂದ 500 ಮಿಲಿಮೀಟರ್ ದೂರದಲ್ಲಿದ್ದಾಗ ಮಾತ್ರ 2.5 ಟನ್. ಅದೇ ಭಾರ 700 ಮಿಲಿಮೀಟರ್‌ಗೆ ಸರಿದರೆ ಶಕ್ತಿ ಸುಮಾರು 2 ಟನ್‌ಗೆ ಇಳಿಯಬಹುದು. ಎತ್ತರಕ್ಕೆ ಎತ್ತಿದರೆ, ಫೋರ್ಕ್ ಜಾಗಕ್ಕೆ ಬೇರೆ ಸಲಕರಣೆ (ಅಟ್ಯಾಚ್‌ಮೆಂಟ್) ಹಾಕಿದರೆ ಇನ್ನೂ ಕಡಿಮೆ. ನಿಮ್ಮ ಗಾಡಿಯ ಸರಿಯಾದ ಲೆಕ್ಕ ಅದರ ಮೇಲಿನ ಪ್ಲೇಟ್‌ನಲ್ಲಿದೆ. ಪ್ಲೇಟ್ ಅಳಿಸಿಹೋಗಿದ್ದರೆ ಕಂಪನಿಯಿಂದ ಹೊಸದು ತರಿಸಿ.

ನಮ್ಮ ಮೂಟೆಗಳ ಲೆಕ್ಕ ನೋಡಿ. 50 ಕೆಜಿಯ ಚೀಲ, ಒಂದು ಸಾಲಿಗೆ 5, ನಾಲ್ಕು ಸಾಲು ಅಂದರೆ 1,000 ಕೆಜಿ. ಇನ್ನೊಂದು ಸಾಲು ಸೇರಿಸಿದರೆ 1,250. ರಫ್ತಿನ 60 ಕೆಜಿ ಚೀಲವಾದರೆ ನಾಲ್ಕು ಸಾಲಿಗೇ 1,200. ಪ್ಯಾಲೆಟ್ ತೂಕ ಇದಕ್ಕೆ ಮೇಲೆ. 2.5 ಟನ್ ಗಾಡಿಗೆ ಇದು ಭಾರವಲ್ಲ. ಹಾಗಾಗಿಯೇ ಒಂದರ ಮೇಲೊಂದು ಎರಡು ಪ್ಯಾಲೆಟ್ ಇಟ್ಟು ಒಟ್ಟಿಗೆ ಎತ್ತುವ ಆಸೆ ಬರುತ್ತದೆ. ತೂಕದ ಲೆಕ್ಕ ಮಿತಿಯ ಅಂಚಿಗೆ ಬಂದಿರುತ್ತದೆ, ಎದುರಿಗೆ ಏನೂ ಕಾಣುವುದಿಲ್ಲ, ಮೇಲಿನ ಚೀಲ ಜಾರಿದರೆ ಯಾರ ತಲೆ ಮೇಲೆ ಬೀಳುತ್ತದೋ ಗೊತ್ತಾಗುವುದಿಲ್ಲ. ಒಂದೊಂದೇ ಎತ್ತಿ.

ಹಂತ 5: ಓಡಿಸುವಾಗ

ಫೋರ್ಕ್ ನೆಲದಿಂದ 15-20 ಸೆಂಟಿಮೀಟರ್ ಮೇಲೆ, ಮಾಸ್ಟ್ ಸ್ವಲ್ಪ ಹಿಂದಕ್ಕೆ ಬಾಗಿರಲಿ. ಭಾರ ಮೇಲೆತ್ತಿಕೊಂಡು ಓಡಿಸಬೇಡಿ, ತಿರುಗಿಸಬೇಡಿ. ಮುಂದಿನ ಎರಡು ಚಕ್ರ ಮತ್ತು ಹಿಂದಿನ ಆಕ್ಸಲ್‌ನ ನಡು ಸೇರಿಸಿ ಗೆರೆ ಎಳೆದರೆ ಒಂದು ತ್ರಿಕೋನ ಆಗುತ್ತದೆ. ಗಾಡಿ ಮತ್ತು ಭಾರ ಎರಡರ ಒಟ್ಟು ನಡುಬಿಂದು ಆ ತ್ರಿಕೋನದ ಒಳಗೆ ಇರುವವರೆಗೆ ಗಾಡಿ ನಿಂತಿರುತ್ತದೆ. ಭಾರ ಎತ್ತರದಲ್ಲಿದ್ದು ವೇಗವಾಗಿ ತಿರುಗಿಸಿದರೆ ಅದು ಹೊರಗೆ ಹೋಗುತ್ತದೆ, ಗಾಡಿ ಪಕ್ಕಕ್ಕೆ ಮಗುಚುತ್ತದೆ. ಖಾಲಿ ಗಾಡಿಯೂ ಜೋರಾಗಿ ತಿರುಗಿಸಿದರೆ ಮಗುಚುತ್ತದೆ. ಇದನ್ನು ತುಂಬಾ ಜನ ನಂಬುವುದಿಲ್ಲ.

ಗಾಡಿ ಮಗುಚುವಾಗ ಹೊರಗೆ ಹಾರಬೇಡಿ. ಹಾರಿದವರ ಮೇಲೆಯೇ ಗಾಡಿಯ ಮೇಲ್ಛಾವಣಿ ಬೀಳುತ್ತದೆ. ಸೀಟ್‌ಬೆಲ್ಟ್ ಹಾಕಿರಬೇಕು, ಸ್ಟೇರಿಂಗ್ ಗಟ್ಟಿ ಹಿಡಿಯಬೇಕು, ಕಾಲು ಒತ್ತಿ ಊರಬೇಕು, ಬೀಳುವ ದಿಕ್ಕಿಗೆ ಎದುರು ಬದಿಗೆ ವಾಲಬೇಕು. ಇದನ್ನು ನಿಂತ ಗಾಡಿಯಲ್ಲಿ ಕೂತು ಅಭ್ಯಾಸ ಮಾಡಿಸಿ. ಆ ಗಳಿಗೆಯಲ್ಲಿ ಯೋಚನೆ ಮಾಡಲು ಸಮಯ ಇರುವುದಿಲ್ಲ.

ಗಂಟೆಗೆ 10 ಕಿಲೋಮೀಟರ್ ವೇಗ ಅಂದರೆ ಸೆಕೆಂಡಿಗೆ ಸುಮಾರು 2.8 ಮೀಟರ್. ಅಡ್ಡ ಬಂದವರನ್ನು ನೋಡಿ ಬ್ರೇಕ್ ತುಳಿಯುವಷ್ಟರಲ್ಲೇ ಅಷ್ಟು ದೂರ ಹೋಗಿರುತ್ತೀರಿ. ಜನ ಇರುವ ಕಡೆ ನಡಿಗೆಯ ವೇಗ ಸಾಕು. 3 ಮೀಟರ್ ಒಳಗೆ ಯಾರಾದರೂ ಬಂದರೆ ನಿಲ್ಲಿಸಿ. ಎತ್ತಿದ ಫೋರ್ಕ್ ಕೆಳಗೆ ಯಾರೂ ಹೋಗಬಾರದು. ಫೋರ್ಕ್ ಮೇಲೆ ಅಥವಾ ಪ್ಯಾಲೆಟ್ ಮೇಲೆ ನಿಂತು ಮೇಲೆ ಹೋಗುವುದು, ಬಲ್ಬ್ ಬದಲಿಸುವುದು, ಅಟ್ಟಿಯ ಮೇಲಿನ ಚೀಲ ಸರಿಪಡಿಸುವುದು ಎಲ್ಲ ನಿಲ್ಲಬೇಕು. ಏಣಿ ಇದೆಯಲ್ಲ!

ಕೊಡಗಿನಲ್ಲಿ ಸಮತಟ್ಟು ಜಾಗ ಎಷ್ಟಿದೆ ಹೇಳಿ? ಅಂಗಳದಿಂದ ಗೋದಾಮಿಗೆ ರ‍್ಯಾಂಪ್ ಇದ್ದೇ ಇರುತ್ತದೆ. ಭಾರ ಇರುವಾಗ ಭಾರದ ಮುಖ ಯಾವಾಗಲೂ ಏರಿನ ಕಡೆಗೆ. ಅಂದರೆ ಹತ್ತುವಾಗ ಮುಂದಕ್ಕೆ, ಇಳಿಯುವಾಗ ರಿವರ್ಸ್. ಖಾಲಿ ಇದ್ದರೆ ಉಲ್ಟಾ, ಫೋರ್ಕ್ ಇಳಿಜಾರಿನ ಕಡೆಗೆ. ಇಳಿಜಾರಿನಲ್ಲಿ ತಿರುಗಿಸುವುದು ಬೇಡ, ಅಡ್ಡ ಓಡಿಸುವುದೂ ಬೇಡ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಂಗಳದ ಕೆಸರು ಚಕ್ರಕ್ಕೆ ಅಂಟಿ ಒಳಗಿನ ನುಣುಪು ಕಾಂಕ್ರೀಟ್ ಮೇಲೆ ಬರುತ್ತದೆ. ಬಾಗಿಲಲ್ಲಿ ಒರಟು ಕಾಂಕ್ರೀಟ್ ಪಟ್ಟಿ ಮಾಡಿಸಿ, ಒರೆಸುವವರನ್ನು ಇಡಿ. ಬೇಸಿಗೆಯಲ್ಲಿ ಬೇರೆ ತೊಂದರೆ: ಬಿಸಿಲಿನಿಂದ ಕತ್ತಲ ಗೋದಾಮಿಗೆ ಬಂದ ಕೂಡಲೇ ಕಣ್ಣಿಗೆ ಏನೂ ಕಾಣುವುದಿಲ್ಲ. ಬಾಗಿಲಲ್ಲಿ ನಿಲ್ಲಿಸಿ, ಹಾರನ್ ಹೊಡೆದು, ಕಣ್ಣು ಹೊಂದಿಕೊಂಡ ಮೇಲೆ ಒಳಗೆ ಹೋಗಿ. ಹರಿದ ಚೀಲದಿಂದ ಉದುರಿದ ಕಾಫಿ ಬೀಜ, ಕರಿಮೆಣಸನ್ನು ಆಗಲೇ ಗುಡಿಸಬೇಕು. ಕಾಲಡಿಗೆ ಸಿಕ್ಕರೆ ಅದು ಉರುಳುತ್ತದೆ, 50 ಕೆಜಿ ಹೊತ್ತವರು ಬಿದ್ದರೆ ಬೆನ್ನು ಮುರಿಯುತ್ತದೆ.

ಹಂತ 6: ಲಾರಿಗೆ ತುಂಬುವಾಗ

ಇಲ್ಲಿ ಎರಡು ಅಪಾಯ. ಒಂದು, ಫೋರ್ಕ್‌ಲಿಫ್ಟ್ ಒಳಗಿರುವಾಗಲೇ ಡ್ರೈವರ್ ಲಾರಿ ಮುಂದಕ್ಕೆ ತೆಗೆಯುವುದು. ಇದಕ್ಕೆ ಪರಿಹಾರ ಸುಲಭ: ಲಾರಿಯ ಚಕ್ರಕ್ಕೆ ಅಡ್ಡಗಟ್ಟೆ, ಕೀಲಿ ಮೇಲ್ವಿಚಾರಕರ ಜೇಬಿನಲ್ಲಿ. ಲೋಡ್ ಮುಗಿದು ಎಲ್ಲರೂ ಕೆಳಗಿಳಿದ ಮೇಲೆ ಕೀಲಿ ವಾಪಸ್. ಇನ್ನೊಂದು, ಲಾರಿಯ ನೆಲದ ಹಲಗೆ. 1,200 ಕೆಜಿ ಹೊತ್ತ ಗಾಡಿಯ ಒಟ್ಟು ತೂಕ ಸುಮಾರು 5 ಟನ್, ಅದರಲ್ಲಿ ಬಹುಪಾಲು ಮುಂದಿನ ಎರಡು ಚಕ್ರದ ಮೇಲೆ. ಹಳೆಯ ಹಲಗೆ ತಡೆಯುವುದಿಲ್ಲ. ಅನುಮಾನ ಬಂದರೆ ಗಾಡಿ ಹೊರಗೇ ಇರಲಿ. 20 ಅಡಿ ಕಂಟೇನರ್‌ಗೆ 60 ಕೆಜಿಯ 320 ಚೀಲ, ಅಂದರೆ 19.2 ಟನ್ ತುಂಬುವ ದಿನ ಹಮಾಲರಿಗೆ ನಡುವೆ ಬಿಡುವು, ಕುಡಿಯಲು ನೀರು, ಒಳಗೆ ಫ್ಯಾನ್ ಬೇಕೇ ಬೇಕು.

ಹಂತ 7: ಅಟ್ಟಿ ಮತ್ತು ಬೆನ್ನು

ಅಟ್ಟಿ ಒಟ್ಟುವಾಗ ಇಟ್ಟಿಗೆ ಗೋಡೆಯ ಹಾಗೆ ಸಾಲು ಬದಲಿಸಿ, ಒಂದು ಚೀಲ ಕೆಳಗಿನ ಎರಡನ್ನು ಹಿಡಿದಿರಲಿ. ಮೇಲೆ ಹೋದಂತೆ ಒಳಕ್ಕೆ ಸರಿಸುತ್ತಾ ಬನ್ನಿ. ತೆಗೆಯುವಾಗ ಮೇಲಿನಿಂದಲೇ ತೆಗೆಯಬೇಕು. ನಡುವಿನಿಂದ ಸ್ಯಾಂಪಲ್ ಚೀಲ ಎಳೆಯುವುದು ಅಟ್ಟಿ ಕುಸಿಯುವುದಕ್ಕೆ ದೊಡ್ಡ ಕಾರಣ. ಕುಸಿದ ಅಟ್ಟಿಯ ಕೆಳಗೆ ಸಿಕ್ಕವರಿಗೆ ಉಸಿರಾಡಲೂ ಆಗುವುದಿಲ್ಲ. ವಾಲಿದ ಅಟ್ಟಿ ಕಂಡರೆ ಸುತ್ತ ಹಗ್ಗ ಕಟ್ಟಿ ಜನರನ್ನು ದೂರ ಇಡಿ.

ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ, ಎಲ್ಲ ಅನುಕೂಲ ಸರಿ ಇದ್ದರೂ ಒಬ್ಬರು ಎತ್ತುವ ಭಾರಕ್ಕೆ 23 ಕೆಜಿ ಮಿತಿ. ನಮ್ಮ ಮೂಟೆ ಅದರ ಎರಡರಷ್ಟಕ್ಕಿಂತ ಜಾಸ್ತಿ. ಅಭ್ಯಾಸವಾಗಿದೆ ಅನ್ನುವುದು ಬೆನ್ನುಮೂಳೆಗೆ ಗೊತ್ತಾಗುವುದಿಲ್ಲ. ನೆಲದಿಂದ ಎತ್ತುವುದನ್ನು ತಪ್ಪಿಸಿ, ಸೊಂಟದ ಎತ್ತರದ ಮೇಜಿನ ಮೇಲೆ ಚೀಲ ಇಡಿ. ಇಬ್ಬರು ಎತ್ತಿ ಕೊಡಲಿ. ಕೈಗಾಡಿ ಬಳಸಿ.

ಹಂತ 8: ಬ್ಯಾಟರಿ ಮತ್ತು ಹೊಗೆ

ಲೆಡ್ ಆಸಿಡ್ ಬ್ಯಾಟರಿ ಚಾರ್ಜ್ ಆಗುವಾಗ ಹೈಡ್ರೋಜನ್ ಬರುತ್ತದೆ, ಕಿಡಿ ತಗುಲಿದರೆ ಸ್ಫೋಟ. ಗಾಳಿಯಾಡುವ ಜಾಗದಲ್ಲಿ, ಗೋಣಿಚೀಲಗಳಿಂದ ದೂರ ಚಾರ್ಜ್ ಮಾಡಿ. ಬೀಡಿ, ಸಿಗರೇಟು ಹತ್ತಿರ ಬೇಡ. ಕಣ್ಣಿಗೆ ಆಸಿಡ್ ಸಿಡಿದರೆ ತೊಳೆಯಲು ನೀರಿನ ನಲ್ಲಿ ಪಕ್ಕದಲ್ಲೇ ಇರಲಿ. ಡೀಸೆಲ್ ಅಥವಾ ಗ್ಯಾಸ್ ಗಾಡಿಯಾದರೆ ಮಳೆ ಅಂತ ಎಲ್ಲ ಬಾಗಿಲು ಮುಚ್ಚಿ ಒಳಗೆ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ವಾಸನೆಯಿಲ್ಲ. ತಲೆನೋವು, ತಲೆಸುತ್ತು ಶುರುವಾದರೆ ಎಲ್ಲರೂ ಹೊರಗೆ ಬನ್ನಿ.

ಹಂತ 9: ಅಪಘಾತ ಆದರೆ

ಮೊದಲು ಗಾಡಿ ಆಫ್, ಕೀಲಿ ಹೊರಗೆ. ಯಾರಾದರೂ ಗಾಡಿಯ ಕೆಳಗೆ ಸಿಕ್ಕಿದ್ದರೆ ಗಾಬರಿಯಲ್ಲಿ ರಿವರ್ಸ್ ಹಾಕಬೇಡಿ, ಚಕ್ರ ಮತ್ತೆ ಅವರ ಮೇಲೆಯೇ ಹತ್ತುತ್ತದೆ. ಚಕ್ರಕ್ಕೆ ಅಡ್ಡ ಕೊಟ್ಟು ಜ್ಯಾಕ್‌ನಿಂದ ಎತ್ತಿ. ಒಬ್ಬರು 108ಕ್ಕೆ ಫೋನ್ ಮಾಡಿ, ಸಿಕ್ಕಿಹಾಕಿಕೊಂಡು ಎಷ್ಟು ಹೊತ್ತಾಯಿತು ಅನ್ನುವುದನ್ನೂ ಹೇಳಿ. ಬಹಳ ಹೊತ್ತು ಒತ್ತಿದ ಕಾಲು ಬಿಡಿಸಿದ ಮೇಲೆ ರಕ್ತದಲ್ಲಿ ವಿಷ ಅಂಶ ಹರಡುತ್ತದೆ, ಡಾಕ್ಟರಿಗೆ ಅದು ಗೊತ್ತಿರಬೇಕು.

ರಕ್ತ ಸೋರುತ್ತಿದ್ದರೆ ಸ್ವಚ್ಛ ಬಟ್ಟೆಯಿಂದ ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಕಾಫಿ ಪುಡಿ, ಅರಿಶಿನ ಹಾಕಬೇಡಿ. ಚುಚ್ಚಿದ ಕಬ್ಬಿಣವನ್ನು ಕೀಳಬೇಡಿ. ಎತ್ತರದಿಂದ ಬಿದ್ದವರನ್ನು, ಬೆನ್ನಿಗೆ ಪೆಟ್ಟಾದವರನ್ನು ಕೈಕಾಲು ಹಿಡಿದು ಎತ್ತಿ ಜೀಪಿನ ಹಿಂದೆ ಮಲಗಿಸಬೇಡಿ, ಆಂಬುಲೆನ್ಸ್ ಬರಲಿ. ಬೆರಳು ತುಂಡಾಗಿದ್ದರೆ ತುಂಡನ್ನು ಒದ್ದೆ ಮಾಡಿ ಹಿಂಡಿದ ಸ್ವಚ್ಛ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿಗೆ ಹಾಕಿ ಬಾಯಿ ಕಟ್ಟಿ, ಆ ಕವರನ್ನು ಐಸ್ ನೀರಿನಲ್ಲಿ ಇಡಿ. ತುಂಡಿಗೆ ಐಸ್ ನೇರ ತಾಗಬಾರದು.

ಯಾವ ಆಸ್ಪತ್ರೆ ಅನ್ನುವುದನ್ನು ಮೊದಲೇ ಗೊತ್ತು ಮಾಡಿಡಿ. ಕುಶಾಲನಗರದಲ್ಲಿ ಸರ್ಕಾರಿ ಆಸ್ಪತ್ರೆ ಇದೆ. ಮಡಿಕೇರಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಗೆ ಸುಮಾರು 30 ಕಿಲೋಮೀಟರ್ ಏರುದಾರಿ, ಮೈಸೂರಿಗೆ ಅದಕ್ಕಿಂತ ತುಂಬಾ ದೂರ. ಮಂಜು, ಮಳೆ ಇರುವ ರಾತ್ರಿ ಆ ದಾರಿಗೆ ಎಷ್ಟು ಹೊತ್ತು ಬೇಕು ಅನ್ನುವುದನ್ನೂ ಲೆಕ್ಕ ಹಾಕಿ.

ಹಂತ 10: ಕಾಗದಪತ್ರ ಮತ್ತು ಪರಿಹಾರ

ಗಾಯವಾದವರ ಮನೆಯವರು ಇಲ್ಲಿ ತುಂಬಾ ಕಷ್ಟಪಡುತ್ತಾರೆ. ಆಸ್ಪತ್ರೆಯಲ್ಲಿ ಗಾಯ ಹೇಗಾಯಿತು ಅಂತ ಕೇಳಿದಾಗ ಕೆಲಸದ ಜಾಗದಲ್ಲಿ ಆಯಿತು ಎಂದೇ ಬರೆಸಿ. ಮನೆಯಲ್ಲಿ ಬಿದ್ದೆ ಅಂತ ಹೇಳಿಸಿದರೆ ಆಮೇಲೆ ಪರಿಹಾರ ಸಿಗುವುದೇ ಕಷ್ಟ. ಚೀಟಿ, ಬಿಲ್ಲು, ಎಕ್ಸ್‌ರೇ ಎಲ್ಲ ಜೋಪಾನ ಮಾಡಿ. ಜಾಗದ, ಗಾಡಿಯ ಫೋಟೊ ಅವತ್ತೇ ತೆಗೆಯಿರಿ. ನೋಡಿದವರ ಹೆಸರು ಬರೆದಿಡಿ.

48 ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ಕೆಲಸಕ್ಕೆ ಬರಲಾಗದಂತಹ ಗಾಯವಾದರೆ ಕಾರ್ಖಾನೆಯವರು ಕಾರ್ಖಾನೆಗಳ ಇಲಾಖೆಗೆ ತಿಳಿಸಬೇಕು. ಇಎಸ್‌ಐ (ನೌಕರರ ರಾಜ್ಯ ವಿಮೆ) ವ್ಯಾಪ್ತಿಯಲ್ಲಿ ಇರುವವರಿಗೆ ಚಿಕಿತ್ಸೆಯ ಜೊತೆಗೆ, ಕೆಲಸಕ್ಕೆ ಹೋಗಲಾಗದ ದಿನಗಳಿಗೆ ಸರಾಸರಿ ಕೂಲಿಯ 90 ಶೇಕಡಾ ಸಿಗುತ್ತದೆ. ಇಎಸ್‌ಐ ಇಲ್ಲದವರಿಗೆ 1923ರ ನೌಕರರ ಪರಿಹಾರ ಕಾಯ್ದೆ ಇತ್ತು. 2025ರ ನವೆಂಬರ್ 21ರಿಂದ ಜಾರಿಗೆ ಬಂದ ಸಾಮಾಜಿಕ ಭದ್ರತಾ ಸಂಹಿತೆ ಅದರ ಜಾಗಕ್ಕೆ ಬಂದಿದೆ. ಸಾವಿಗೆ ತಿಂಗಳ ಕೂಲಿಯ 50 ಶೇಕಡಾ, ಪೂರ್ತಿ ಶಾಶ್ವತ ಅಂಗವಿಕಲತೆಗೆ 60 ಶೇಕಡಾ, ಅದನ್ನು ವಯಸ್ಸಿಗೆ ತಕ್ಕ ಅಂಕಿಯಿಂದ ಗುಣಿಸಿ ಪರಿಹಾರ ಲೆಕ್ಕ ಹಾಕುತ್ತಾರೆ. ಗುತ್ತಿಗೆದಾರರ ಕಡೆಯ ಕೂಲಿ, ನಮಗೆ ಸಂಬಂಧವಿಲ್ಲ ಎಂದು ಗೋದಾಮಿನ ಮಾಲೀಕರು ಕೈ ತೊಳೆದುಕೊಳ್ಳುವಂತಿಲ್ಲ. ಅರ್ಜಿಗೆ ಕಾಲಮಿತಿ ಇದೆ, ಹಾಗಾಗಿ ಕಾಯಬೇಡಿ, ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ ವಿಚಾರಿಸಿ. ಹೊಸ ಕಾರ್ಮಿಕ ಸಂಹಿತೆಗಳಲ್ಲಿ ನೇಮಕಾತಿ ಪತ್ರ ಕೊಡುವುದು ಕಡ್ಡಾಯ. ಅದನ್ನು ಕೇಳಿ ಪಡೆಯಿರಿ, ಕೆಲಸ ಮಾಡುತ್ತಿದ್ದೆ ಅನ್ನುವುದಕ್ಕೆ ಅದೇ ಸಾಕ್ಷಿ.

ಹಂತ 11: ತಪ್ಪಿದ ಅಪಘಾತವನ್ನೂ ಬರೆಯಿರಿ

ಚೀಲ ಬಿತ್ತು, ಯಾರಿಗೂ ತಾಗಲಿಲ್ಲ. ಗಾಡಿ ಕಂಬಕ್ಕೆ ತಾಗಿತು, ಯಾರೂ ಇರಲಿಲ್ಲ. ಇಂಥವನ್ನು ಬರೆಯಲು ಬಾಗಿಲ ಹತ್ತಿರ ಒಂದು ನೋಟ್‌ಬುಕ್ ಇಡಿ. ಓದು ಬರಹ ಬಾರದವರು ಮೇಸ್ತ್ರಿಗೆ ಹೇಳಲಿ, ಅವರು ಬರೆಯಲಿ. ಹೇಳಿದವರಿಗೆ ಬೈಗುಳ ಬೇಡ, ಕೂಲಿ ಕಡಿತ ಬೇಡ. ಒಬ್ಬರಿಗೆ ಬೈದರೆ ಮರುದಿನದಿಂದ ಆ ಪುಸ್ತಕ ಖಾಲಿ.

ವಾರಕ್ಕೊಮ್ಮೆ ಆಪರೇಟರ್, ಹಮಾಲರ ಮೇಸ್ತ್ರಿ, ಮೇಲ್ವಿಚಾರಕರು ಕೂತು ಓದಿ. ಒಂದೇ ಜಾಗದ ಹೆಸರು ಮತ್ತೆ ಮತ್ತೆ ಬಂದರೆ ನಕ್ಷೆ ತೆಗೆದು ಅಲ್ಲಿನ ದಾರಿ ಬದಲಿಸಿ. ಮಾರ್ಚ್ 4 ರಾಷ್ಟ್ರೀಯ ಸುರಕ್ಷತಾ ದಿನ. ನಮ್ಮಲ್ಲಿ ಆಗ ರೋಬಸ್ಟಾ ಬರುವ ಕೆಲಸ ಜೋರಾಗಿರುತ್ತದೆ, ಸಭೆಗೆ ಪುರುಸೊತ್ತು ಸಿಗುವುದು ಕಷ್ಟ. ಅದಕ್ಕೆ ಇದೇ ಸಭೆಯನ್ನು ನವೆಂಬರ್ ಮೊದಲ ವಾರದಲ್ಲಿ, ಮೊದಲ ಲಾರಿ ಬರುವ ಮುಂಚೆ ಮಾಡಿ. ಮಾರ್ಚ್‌ನಲ್ಲಿ ಅರ್ಧ ಗಂಟೆ ಗಾಡಿ ನಿಲ್ಲಿಸಿ, ನವೆಂಬರ್‌ನಲ್ಲಿ ಒಪ್ಪಿಕೊಂಡದ್ದರಲ್ಲಿ ಏನು ಉಳಿದಿದೆ, ಏನು ಬಿಟ್ಟುಹೋಗಿದೆ ಅಂತ ಎಲ್ಲರೂ ಸೇರಿ ನೆಲದ ಮೇಲೆ ನಡೆದು ನೋಡಿ.